ಅಡ್ಡ ರಾಡಿನ ದಪ್ಪ

ಹಿಟ್ನಾಳ ಕ್ರಾಸಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಹುಲಿಗೇಶನಿಗೆ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟೂ ಅಲ್ಲ. ಕಾರು ಎಲ್ಲೇ ನಿಂತಿರಲಿ, ಮದುವೆ ಮಂಟಪದ ಮುಂದೆಯೋ ಆಸ್ಪತ್ರೆಯ ಅಂಗಳದಲ್ಲೋ, ಅಂಗಾತ ಮಲಗಿ ಅದರ ಹೊಟ್ಟೆಯ ಕೆಳಗೆ ತೂರಿಕೊಳ್ಳುವುದು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮದುವೆಗೆ ಹೋದ ಮನುಷ್ಯ ಬೆನ್ನ ತುಂಬ ಮಣ್ಣು ಮೆತ್ತಿಕೊಂಡು ಊಟದ ಪಂಕ್ತಿಗೆ ಬಂದು ಕೂರುತ್ತಿದ್ದ. ಪಕ್ಕದವರು ಎಲೆ ಸರಿಸಿಕೊಂಡು ದೂರ ಕೂತರೂ ಅವನಿಗೆ ಅದರ ಖಬರೇ ಇರುತ್ತಿರಲಿಲ್ಲ.

ಅವನು ಹುಡುಕುತ್ತಿದ್ದುದು ಒಂದೇ ವಸ್ತು. ಕಾರಿನ ಮುಂದಿನ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ರಾಡು ಹಾಯ್ದಿರುತ್ತದೆ, ಎರಡೂ ತುದಿ ಬಾಗಿ ಗಾಲಿಗಳ ಕಡೆಗೆ ಹೋಗಿರುತ್ತವೆ. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಈ ರಾಡು ತಿರುಚಿಕೊಳ್ಳುತ್ತದೆ, ತಿರುಚಿಕೊಂಡು ಗಾಡಿಯನ್ನು ನೆಟ್ಟಗೆ ನಿಲ್ಲಿಸಲು ಹೆಣಗುತ್ತದೆ. ಕಂಪನಿಯ ಪುಸ್ತಕದಲ್ಲಿ ಅದಕ್ಕೆ ಸ್ವೇ ಬಾರ್ ಅಂತ ಹೆಸರು. ಹುಲಿಗೇಶ ಅದನ್ನು ಬ್ಯಾಲೆನ್ಸ್ ರಾಡು ಅನ್ನುತ್ತಿದ್ದ. ಯಾವ ಗಾಡಿಗೆ ಕಂಪನಿಯವರು ಎಷ್ಟು ದಪ್ಪದ ರಾಡು ಹಾಕಿ ಕಳಿಸಿದ್ದಾರೆ, ಯಾಕೆ ಅಷ್ಟೇ ಹಾಕಿದ್ದಾರೆ, ಇದೇ ಅವನ ತಲೆ ತಿನ್ನುತ್ತಿದ್ದ ಪ್ರಶ್ನೆ.

ಇರಕಲ್ಲಗಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಅವನು. ಹೊಲದಲ್ಲಿ ಕೈ ಓಡದೆ ಹೊಸಪೇಟೆಗೆ ಹೋಗಿ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತ. ಹಿಟ್ನಾಳಕ್ಕೆ ಬಂದು ತಗಡಿನ ಶೆಡ್ಡು ಹಾಕಿದಾಗ ಅವನ ಪಾಲಿಗೆ ಬರುತ್ತಿದ್ದುದು ಲಾರಿ, ಟ್ರ್ಯಾಕ್ಟರು, ಅಪರೂಪಕ್ಕೊಂದು ಜೀಪು. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಯಿತು ನೋಡಿ, ಅಧಿಕಾರಿಗಳು ಬಂದರು, ಅವರ ಹಿಂದೆ ಗುತ್ತಿಗೆದಾರರು ಬಂದರು, ಗಿಣಿಗೇರಾದ ಕಾರ್ಖಾನೆಗಳಿಗೆ ಎಂಜಿನಿಯರುಗಳು ಬಂದರು. ಎಲ್ಲರ ಜೊತೆಗೆ ಅವರವರ ಕಾರುಗಳೂ ಬಂದವು. ಅಲ್ಲಿಯವರೆಗೆ ಜೋಳದ ರೊಟ್ಟಿ ಉಂಡವನ ಮುಂದೆ ಮದುವೆ ಊಟ ಬಡಿಸಿದಂತಾಯಿತು ಹುಲಿಗೇಶನಿಗೆ.

ಅವನ ಅಳತೆಯ ಪದ್ಧತಿ ಅವನದೇ. ರಾಡಿನ ಕೆಸರು ಕೆರೆದು, ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ನಟ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಅದರ ಮೇಲೆ ಕೂರಿಸಿ ನೋಡುವುದು. ಹದಿನೇಳರ ಪಾನಾ ಹಿಡಿದು ಕೂತರೆ ರಾಡು ಹದಿನೇಳು ಮಿಲಿಮೀಟರು, ಇಪ್ಪತ್ತೆರಡರದು ಕೂತರೆ ಇಪ್ಪತ್ತೆರಡು. ಬರೆದಿಡುವ ಗೋಜಿಲ್ಲ, ಎಲ್ಲ ತಲೆಯಲ್ಲೇ. ಕಾರಿಗೆ ಕಂಪನಿ ಇಟ್ಟ ಹೆಸರನ್ನೂ ಅವನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಎತ್ತು ಯಾರದು ಅಂತ ಹೇಳಿದರೆ ಸಾಕಾಗುವ ಊರಲ್ಲಿ ಬೆಳೆದವನು, ಕಾರಿಗೂ ಧಣಿಯ ಹೆಸರೇ ಇಟ್ಟ. ಡಾಕ್ಟರ ಕಾರು ಹದಿನೇಳು. ಗಂಗಾವತಿ ಮಿಲ್ಲಿನವರದು ಇಪ್ಪತ್ತೆರಡು. ಕಾರ್ಖಾನೆಯ ಉದ್ದ ಗಾಡಿ ಇಪ್ಪತ್ತನಾಲ್ಕು. ತಹಸೀಲ್ದಾರರ ಹಳೇ ಜೀಪಿಗೆ ರಾಡೇ ಇಲ್ಲ, ಅದು ಸೊನ್ನೆ.

ಇಷ್ಟೆಲ್ಲ ಯಾಕೆ ಅಂದರೆ, ರೇಣುಕಾಳಿಗಾಗಿ.

ರೇಣುಕಾ ಅವನ ಹೆಂಡತಿ, ಸರಕಾರಿ ನರ್ಸಮ್ಮ. ಹಳ್ಳಿಹಳ್ಳಿ ತಿರುಗಿ ಕೂಸುಗಳಿಗೆ ಸೂಜಿ ಹಾಕುವ, ಬಸುರಿಯರ ಯೋಗಕ್ಷೇಮ ನೋಡುವ ಕೆಲಸ. ಆಕೆಯ ತವರಿನಲ್ಲಿ ಕೂಲಿ ಬಿಟ್ಟು ನೌಕರಿ ಹಿಡಿದವಳು ಆಕೆಯೊಬ್ಬಳೇ. ಗಿಣಿಗೇರಾದಲ್ಲಿ ಇದ್ದಷ್ಟು ದಿನ ಎಲ್ಲ ಸಸೂತ್ರ ನಡೆಯಿತು. ಆಮೇಲೆ ಕುಷ್ಟಗಿ ಸೀಮೆಯ ಒಂದು ಹಳ್ಳಿಗೆ ವರ್ಗವಾಯಿತು. ಹೆದ್ದಾರಿಯಲ್ಲಿ ಒಂದಷ್ಟು, ಅಲ್ಲಿಂದ ಒಳಗಿನ ಹಾಳು ರಸ್ತೆಯಲ್ಲಿ ಇನ್ನೊಂದಷ್ಟು ದಾರಿ. ರೇಣುಕಾಳಿಗೆ ಗಾಡಿ ಹತ್ತಿದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಬಸ್ಸಿನಲ್ಲಂತೂ ಕೇಳುವುದೇ ಬೇಡ. ನಿಂಬೆಹಣ್ಣು ಮೂಸಿದಳು, ಶುಂಠಿ ಅಗಿದಳು, ಗುಳಿಗೆ ನುಂಗಿದಳು. ಗುಳಿಗೆ ನುಂಗಿದ ದಿನ ಕೂಸಿನ ತೋಳು ಹಿಡಿದು ತೂಕಡಿಸಿದಳು, ಹಾಗಾಗಿ ಅದನ್ನೂ ಬಿಟ್ಟಳು.

ಆ ಹಳ್ಳಿಯಲ್ಲೇ ಮನೆ ಮಾಡಿ ನೋಡಿದ್ದೂ ಆಯಿತು. ಮಗಳು ಸಹನಾ ಆಗಿನ್ನೂ ಸಾಲಿಗೆ ಸೇರಿರದ ಕೂಸು, ಹಿಟ್ನಾಳದಲ್ಲಿ ಅಜ್ಜಿ ಹುಲಗಮ್ಮನ ಹತ್ತಿರ ಉಳಿದಳು. ವಾರಕ್ಕೊಮ್ಮೆ ಬಂದ ತಾಯಿಯನ್ನು ಕಂಡು ಕೂಸು ಅಜ್ಜಿಯ ಬೆನ್ನ ಹಿಂದೆ ಅಡಗಿಕೊಂಡ ದಿನ ರೇಣುಕಾ ಗಂಟುಮೂಟೆ ಕಟ್ಟಿ ವಾಪಸು ಬಂದಳು. ಉಳಿದದ್ದು ಎರಡೇ ದಾರಿ. ದಿನಾ ಹೋಗಿಬರಬೇಕು, ಇಲ್ಲವೇ ನೌಕರಿ ಬಿಡಬೇಕು.

"ಇನ್ನೊಂದಿಷ್ಟು ದಿನ ನೋಡತೀನ್ರಿ," ಅಂದಳು ಗಂಡನಿಗೆ. "ಆಗಲಿಲ್ಲಂದ್ರ ಬಿಟ್ಟಬಿಡತೀನಿ. ಹಳದಿ ಮಾರಿ ಹೊತ್ಕೊಂಡು ಹೋಗಿ ಕೂಸಿಗೆ ಸೂಜಿ ಚುಚ್ಚಾಕ ನನಗ ಹೆದರಿಕಿ ಬರತೈತಿ. ಕೈ ನಡಗತಾವ."

"ಬಿಡೂದು ಗಿಡೂದು ಮಾತಾಡಬ್ಯಾಡ," ಅಂದ ಹುಲಿಗೇಶ. "ತಪ್ಪು ನಿನ್ನ ಹೊಟ್ಟಿದಲ್ಲ, ಗಾಡಿದು. ಗಾಡಿ ತೂಗತೈತಿ, ಅದಕ್ಕ ನಿನಗ ಹಂಗಾಗತೈತಿ. ತೂಗದಂಗ ಮಾಡಿದ್ರ ಮುಗೀತಿಲ್ಲೋ?"

ಈ ಮಾತನ್ನು ಅವನು ಪೂರಾ ನಂಬಿದ್ದ. ಗುಜರಿಗೆ ಹೋಗಬೇಕಿದ್ದ ಒಂದು ಕೆಂಪು ಕಾರನ್ನು ತಂದು ಜೀವ ಕೊಟ್ಟಿದ್ದ. ದಿನಾ ಬೆಳಿಗ್ಗೆ ಅದರಲ್ಲೇ ಹೆಂಡತಿಯನ್ನು ಬಿಟ್ಟುಬರುವುದು, ಸಂಜೆ ಕರೆದುತರುವುದು. ರೇಣುಕಾ ಕೂರುತ್ತಿದ್ದುದು ಹಿಂದಿನ ಸೀಟಿನಲ್ಲಿ. ಮುಂದಿನ ಸೀಟಿನ ತುಂಬ ಜಾಕು, ಪಾನಾ, ಅಲ್ಲಿ ಇಲ್ಲಿ ಬಿಚ್ಚಿ ತಂದ ರಾಡುಗಳು. ಜಾಗ ಮಾಡಿಕೊಡಿ ಅಂತ ಆಕೆ ಕೇಳಿದ್ದುಂಟು. "ಹಿಂದ ಕುಂತ್ರನ ತೂಗು ಸರಿಯಾಗಿ ಗೊತ್ತಾಗೂದು, ಅಲ್ಲೇ ಕುಂದರು," ಅನ್ನುತ್ತಿದ್ದ ಈ ಮಹಾಶಯ. ಪ್ರಯೋಗ ಶುದ್ಧವಾಗಿರಬೇಕಲ್ಲ!

ಆ ಮಳೆಗಾಲದಲ್ಲಿ ಒಂದು ಸೋಜಿಗ ನಡೆಯಿತು. ಗಂಗಾವತಿಯಲ್ಲಿ ತರಬೇತಿ ಮುಗಿಸಿದ ರೇಣುಕಾಳನ್ನು ಮೇಲಧಿಕಾರಿ ಡಾಕ್ಟರ್ ಲಲಿತಾ ತಮ್ಮ ಕಾರಿನಲ್ಲಿ ಹಿಟ್ನಾಳದವರೆಗೆ ಕರೆತಂದರು. ಡಾಕ್ಟರು ಹಿಂದೆ ಕಾಗದಪತ್ರ ಹರವಿಕೊಂಡು ಕೂತಿದ್ದರಿಂದ ರೇಣುಕಾ ಮುಂದೆ ಡ್ರೈವರನ ಪಕ್ಕ ಕೂತಿದ್ದಳು. ಮನೆಗೆ ಬಂದವಳೇ, "ಇವತ್ತು ಏನೂ ಆಗಲಿಲ್ಲ ನೋಡ್ರಿ. ಹಸಿವಿ ಆಗೈತಿ!" ಅಂದಳು.

ಹುಲಿಗೇಶನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಡಾಕ್ಟರ ಕಾರು ಅಂದರೆ ಹದಿನೇಳು. ಹಾಗಾದರೆ ತೆಳ್ಳನೆಯ ರಾಡೇ ಮೇಲು! ಹೊಸಪೇಟೆಯ ಗುಜರಿಯೆಲ್ಲ ಜಾಲಾಡಿ ಒಂದು ಹದಿನೇಳರ ರಾಡು ತಂದ, ತುದಿಗಳನ್ನು ಕಾಯಿಸಿ ಬಗ್ಗಿಸಿ ಕೆಂಪು ಕಾರಿಗೆ ಕೂರಿಸಿದ. ಹೆದ್ದಾರಿಯ ಮೊದಲನೇ ತಿರುವಿನಲ್ಲೇ ಕಾರು ಮಗ್ಗುಲಾಯಿತು, ರೇಣುಕಾ ಕಿಟಕಿಗೆ ಮುಖ ಕೊಟ್ಟಳು.

ಎಷ್ಟೋ ದಿನ ಅವನಿಗೆ ತಲೆಬುಡ ತಿಳಿಯಲಿಲ್ಲ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಕೊನೆಗೆ ಡಾಕ್ಟರ ಡ್ರೈವರ್ ಯಂಕೋಬ ಗಾಳಿ ಹಾಕಿಸಲು ಗ್ಯಾರೇಜಿಗೆ ಬಂದಾಗ ಗುಟ್ಟು ಬಯಲಾಯಿತು.

"ಈ ಕಾರು ಮೊದಲಿಂದಲ್ಲೋ ಮಾರಾಯ," ಅಂದ ಯಂಕೋಬ. "ಮೊದಲಿಂದು ಮೇಡಮ್ಮರ ಅಣ್ಣನ ಕಡೆ ಐತಿ, ಗಂಗಾವತಿ ಮಿಲ್ಲಿನಾಗ. ಅವರು ಸಣ್ಣ ಗಾಡಿ ಬೇಕಂದ್ರು, ಇವರು ದೊಡ್ಡದು ಬೇಕಂದ್ರು. ಬ್ಯಾಸಗ್ಯಾಗನ ಅದಲಾಬದಲಿ ಮಾಡ್ಕೊಂಡಾರ."

ಡಾಕ್ಟರ ಕಾರು ಮಿಲ್ಲಿನವರ ಕಾರಾಗಿತ್ತು, ಮಿಲ್ಲಿನವರ ಕಾರು ಡಾಕ್ಟರದಾಗಿತ್ತು. ಧಣಿಯ ಹೆಸರಿನಿಂದ ಕಾರು ಗುರುತಿಟ್ಟ ಹುಲಿಗೇಶ ಇಲ್ಲದ ಹದಿನೇಳನ್ನು ಹುಡುಕಿಕೊಂಡು ಹೊಸಪೇಟೆಗೆ ಅಲೆದಿದ್ದ. ತಕ್ಷಣ ಕಾರಿನ ಕೆಳಗೆ ತೂರಿ ಪಾನಾ ಕೂರಿಸಿದ. ಇಪ್ಪತ್ತೆರಡು! ಹೆಂಡತಿಗೆ ಹಸಿವಾದದ್ದು ಇಪ್ಪತ್ತೆರಡರ ರಾಡಿನ ಮೇಲೆ. ಹೊರಗೆ ಬಂದವನು ಯಂಕೋಬನ ಕೈ ಹಿಡಿದು ಕುಲುಕಿದ ರಭಸಕ್ಕೆ ಅವನ ಅಂಗಿತೋಳೂ ಕರ್ರಗಾಯಿತು.

ದಪ್ಪ ರಾಡು ತರುವ ಮುಂಚೆ ಹುಲಿಗೇಶ ಈ ಸಲ ಒಬ್ಬರನ್ನು ಕೇಳಿದ. ಗಿಣಿಗೇರಾ ಕಾರ್ಖಾನೆಯ ಎಂಜಿನಿಯರ್ ಗೋವಿಂದರಾಜ, ಆ ಉದ್ದ ಗಾಡಿಯವರು. ಅವರಿಗೂ ಇಂಥ ವಿಷಯವೆಂದರೆ ಪ್ರಾಣ. ಗಾಡಿ ರಿಪೇರಿಗೆ ಬಿಟ್ಟರೆ ಸ್ಟೂಲು ಎಳೆದುಕೊಂಡು ಅಲ್ಲೇ ಕೂತುಬಿಡುತ್ತಿದ್ದರು.

"ಸಾಹೇಬ್ರ, ಹದಿನೇಳಕ್ಕೂ ಇಪ್ಪತ್ತೆರಡಕ್ಕೂ ಇರೂದು ಬಳಿ ದಪ್ಪದಷ್ಟು ಫರಕು. ಅಷ್ಟಕ್ಕ ಇಷ್ಟೆಲ್ಲ ಆಗತೈತೇನ್ರಿ?"

"ಆಗತೈತಿ. ರಾಡಿನ ದಪ್ಪ ಎರಡು ಪಟ್ಟು ಮಾಡಿದ್ರ ಬಿಗಿ ಎಷ್ಟು ಪಟ್ಟು ಆಗತೈತಿ ಹೇಳು?"

"ಎರಡ ಪಟ್ಟು. ಭಾಳಂದ್ರ ನಾಕು."

"ಹದಿನಾರು."

ಹುಲಿಗೇಶ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಕಣ್ಣರಳಿಸಿ ತಾನು ಇಷ್ಟು ವರ್ಷ ಮುಟ್ಟಿದ ರಾಡುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮುಟ್ಟಿ ನೋಡಿದ. ಹದಿನೇಳರಿಂದ ಇಪ್ಪತ್ತೆರಡಕ್ಕೆ ಹೋದರೆ ಬಿಗಿ ಎರಡೂವರೆ ಪಟ್ಟು ದಾಟುತ್ತದೆ ಅಂತ ಗೋವಿಂದರಾಜರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಆದರೂ ಅವರೇ ಒಂದು ಮಾತು ಸೇರಿಸಿದರು. "ಬರೇ ದಪ್ಪ ನೋಡಿ ಎರಡು ಗಾಡಿ ಹೋಲಿಸಬ್ಯಾಡ. ಗಾಡಿ ತೂಕ ನೋಡು, ಎತ್ತರ ನೋಡು, ರಾಡಿನ ತುದಿ ಎಷ್ಟು ಉದ್ದ ಅದಾವ ನೋಡು. ನನ್ನ ಗಾಡಿ ಇಪ್ಪತ್ತನಾಲ್ಕು ಅಂದ್ರೂ ಡಾಕ್ಟರ ಕಾರಿಗಿಂತ ಹೆಚ್ಚ ತೂಗತೈತಿ. ಯಾಕಂತ ನನಗೂ ಪೂರಾ ತಿಳಿದಿಲ್ಲ."

ಸಾಹೇಬರಿಗೇ ಪೂರಾ ತಿಳಿಯದ ವಿಷಯ ಅಂದಮೇಲೆ ಹುಲಿಗೇಶನ ಹುರುಪು ಇಮ್ಮಡಿಯಾಯಿತು. ಇಪ್ಪತ್ತೆರಡರ ರಾಡು ತಂದು ಹಾಕಿದ. ಹೆದ್ದಾರಿಯಲ್ಲಿ ಕೆಂಪು ಕಾರು ಹಳಿ ಮೇಲೆ ಹೋದಂತೆ ಹೋಯಿತು. ಹಿಂದೆ ಕೂತ ರೇಣುಕಾ ಕಣ್ಣು ಬಿಟ್ಟು ನಕ್ಕಳು, ಅವನು ಸೀಟಿ ಹೊಡೆದ. ಒಳರಸ್ತೆಗೆ ಇಳಿದದ್ದೇ ತಡ, ನಗೆ ಮಾಯವಾಯಿತು. ಎಡಗಡೆಯ ಗುಂಡಿಗೆ ಒಂದು ಗಾಲಿ ಬಿದ್ದರೆ ಇಡೀ ಗಾಡಿ ಎಡಕ್ಕೂ ಬಲಕ್ಕೂ ತಲೆ ಒಗೆಯಿತು. ರೇಣುಕಾಳ ಹಣೆ ಕಿಟಕಿಗೆ ಬಡಿಯಿತು. ಹಳ್ಳಿ ಮುಟ್ಟುವುದರೊಳಗೆ ಆಕೆಯನ್ನು ಕೈ ಹಿಡಿದು ಇಳಿಸಬೇಕಾಯಿತು.

ಅಂದು ಸಂಜೆ ಹುಲಿಗೇಶ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ಗೊಣಗುತ್ತಿದ್ದ. ಮೊಮ್ಮಗಳ ತಲೆ ಬಾಚುತ್ತಿದ್ದ ಹುಲಗಮ್ಮ ಕೇಳಿದಳು. "ಏನಲೇ ಅದು, ರಾಡು ರಾಡು ಅಂತ ಬಡಕೊಳ್ಳಾಕತ್ತಿ?"

"ಎರಡೂ ಗಾಲಿ ಕೂಡಿಸಿ ಹಿಡಿಯೂ ರಾಡು, ಯವ್ವಾ. ಬಿಗಿ ಮಾಡಿದ್ರ ತಿರುವಿನಾಗ ಛಲೋ, ಗುಂಡ್ಯಾಗ ಕೆಟ್ಟ. ಸಡ್ಲ ಮಾಡಿದ್ರ ಗುಂಡ್ಯಾಗ ಛಲೋ, ತಿರುವಿನಾಗ ಕೆಟ್ಟ."

"ನೊಗ ಅನ್ನು," ಅಂದಳು ತಾಯಿ. "ಒಂದು ಎತ್ತು ಮುಗ್ಗರಿಸಿದ್ರ ಇನ್ನೊಂದರ ಕುತ್ತಿಗಿ ಜಗ್ಗೂದಿಲ್ಲೇನು? ನೊಗ ಅಂದಮ್ಯಾಲೆ ಅದು ಇರೂದ."

ಅವನಿಗೆ ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡುವಷ್ಟು ಸಂತೋಷವಾಯಿತು. ಕಂಪನಿಯವರು ಒಂದೊಂದು ಗಾಡಿಗೆ ಒಂದೊಂದು ದಪ್ಪ ಇಡುವುದು ಯಾಕೆ ಅಂತ ಆ ಕ್ಷಣಕ್ಕೆ ಹೊಳೆಯಿತು. ಅವರೂ ಯಾವುದೋ ಒಂದು ರಸ್ತೆಯನ್ನು, ಯಾವುದೋ ಒಂದು ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡು ರಾಜಿ ಮಾಡಿಕೊಂಡಿದ್ದಾರೆ. ಕುಷ್ಟಗಿ ಸೀಮೆಯ ಈ ಒಳದಾರಿ ಅವರ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಹಾಗಾದರೆ ಈ ದಾರಿಗೆ ತಕ್ಕ ದಪ್ಪವನ್ನು ತಾನೇ ಕಂಡುಹಿಡಿಯಬೇಕು.

ಹತ್ತೊಂಬತ್ತರದು ಹಾಕಿದ, ಬಿಚ್ಚಿದ. ಇಪ್ಪತ್ತರದು ಹಾಕಿದ, ಬಿಚ್ಚಿದ. ಪ್ರತಿಸಲ ರೇಣುಕಾ ಹಿಂದಿನ ಸೀಟಿನಲ್ಲಿ ಕೂತು, "ಹೋದ ಸಲಕ್ಕಿಂತ ಸ್ವಲ್ಪ ವಾಸಿ," ಅಥವಾ "ಹೋದ ಸಲಾನ ವಾಸಿ ಇತ್ತು," ಅನ್ನುತ್ತಿದ್ದಳು. ಆ ಮಾತಿಗೆ ಅವನು ಎಷ್ಟು ಕುತೂಹಲದಿಂದ ಕಿವಿಗೊಡುತ್ತಿದ್ದನೆಂದರೆ, ಮಾತಾಡುವವಳ ಕೆನ್ನೆ ಬತ್ತಿ ಹೋದದ್ದು ಅವನ ಕಣ್ಣಿಗೇ ಬೀಳಲಿಲ್ಲ. ನಾವೆಲ್ಲ ಹಾಗೇ. ಬೇರೆಯವರ ನೋವನ್ನು ತೆಗೆಯಲು ಹೊರಟು, ತೆಗೆಯುವ ಕೆಲಸದ ಮೇಲೇ ಪ್ರೀತಿ ಹುಟ್ಟಿಸಿಕೊಳ್ಳುತ್ತೇವೆ.

ಒಂದು ದಿನ ರೇಣುಕಾ ತಣ್ಣಗೆ ಹೇಳಿದಳು. "ಡಾಕ್ಟರ ಮುಂದ ಹೇಳೇನ್ರಿ. ಬರೂ ಪೋಲಿಯೊ ಭಾನುವಾರ ಮುಗಿಸಿ ನೌಕರಿ ಬಿಡತೀನಿ ಅಂತ. ಇಷ್ಟ ಸಾಕು."

ಹುಲಿಗೇಶನಿಗೆ ಉಳಿದಿದ್ದ ಒಂದೇ ಪ್ರಯೋಗವೆಂದರೆ ರಾಡನ್ನೇ ತೆಗೆದು ನೋಡುವುದು. ಕೆಲವು ಚಿಕ್ಕ ಕಾರುಗಳಲ್ಲಿ ಗಾಲಿಯನ್ನು ಜಾಗದಲ್ಲಿ ಹಿಡಿದಿಡುವುದೂ ಅದೇ ರಾಡು, ತೆಗೆದರೆ ಗಾಲಿಯೇ ಹಿಂದೆಮುಂದೆ ಆಗುತ್ತದೆ. ಕೆಂಪು ಕಾರು ಆ ಜಾತಿಯದಲ್ಲ. ಪೋಲಿಯೊ ಭಾನುವಾರದ ಹಿಂದಿನ ದಿನ ಕಾರಿನ ಕೆಳಗೆ ಮಲಗಿ ರಾಡು ಬಿಚ್ಚಿದ. ಅವಸರದಲ್ಲಿ ಅದು ಕೈಜಾರಿ ಬಲಗೈ ಬೆರಳುಗಳ ಮೇಲೇ ಬಿತ್ತು. ಬೆಳಗಾಗುವುದರೊಳಗೆ ಕೈ ಬದನೆಕಾಯಿಯಂತೆ ಊದಿ ಕೂತಿತ್ತು, ಸ್ಟೇರಿಂಗು ಹಿಡಿಯುವುದಿರಲಿ, ಚಹಾದ ಬಟ್ಟಲು ಹಿಡಿಯಲೂ ಆಗುತ್ತಿರಲಿಲ್ಲ.

ರೇಣುಕಾ ಮುಂಜಾನೆಯೇ ಪೋಲಿಯೊ ಹನಿಮದ್ದಿನ ಐಸ್ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದಳು. ಭಾನುವಾರ ಆ ಹಳ್ಳಿಗೆ ಬಸ್ಸಿಲ್ಲ. ಬಿಸಿಲೇರಿದರೆ ಐಸ್ ಕರಗಿ ಮದ್ದು ಕೆಡುತ್ತದೆ. ಅಲ್ಲಿ ಸಾಲಿಯ ಮುಂದೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದಿರುತ್ತಾರೆ.

"ಕ್ರಾಸಿಗೆ ಹೋಗಿ ಯಾರನ್ನರ ಕರಕೊಂಡು ಬರತೀನಿ ತಡಿ," ಅಂದ ಹುಲಿಗೇಶ.

"ತಡೀಲಿಕ್ಕೆ ಹೊತ್ತಿಲ್ಲ. ಕೀಲಿ ಕೊಡ್ರಿ."

ಆಕೆಗೆ ಗಾಡಿ ನಡೆಸಲು ಬರುತ್ತಿತ್ತು. ಗ್ಯಾರೇಜಿನಲ್ಲಿ ಅವನು ಕೆಳಗೆ ಮಲಗಿ "ಮುಂದ ತಗೋ, ಹಿಂದ ತಗೋ," ಅಂತ ಕೂಗುವಾಗ ಮೇಲೆ ಕೂತು ಗಾಡಿ ಸರಿಸುತ್ತಿದ್ದವಳು ಆಕೆಯೇ. ಶೆಡ್ಡು ದಾಟಿ ರಸ್ತೆಗೆ ಮಾತ್ರ ಎಂದೂ ಹೋಗಿರಲಿಲ್ಲ. ಲೈಸೆನ್ಸಿನ ಮಾತನ್ನು ಆ ಹೊತ್ತಿನಲ್ಲಿ ಇಬ್ಬರೂ ಎತ್ತಲಿಲ್ಲ. ಮುಂದಿನ ಸೀಟಿನ ಜಾಕು, ಪಾನಾಗಳನ್ನೆಲ್ಲ ಅಂಗಳಕ್ಕೆ ಎತ್ತಿ ಒಗೆದು, ಡಬ್ಬಿಯನ್ನು ಕೂರಿಸಿ ಹಳೇ ಧೋತರದಿಂದ ಕಟ್ಟಿದಳು. ಗಂಡ ಹಿಂದೆ ಹತ್ತಿ ಕೂತ. ಆ ಕಾರು ತಂದಮೇಲೆ ಅವನು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ರಾಡಿಲ್ಲದ ಕಾರು ತಿರುವಿಗೊಮ್ಮೆ ಮೇವಿನ ಬಂಡಿಯಂತೆ ಓಲಾಡಿತು. ರೇಣುಕಾ ನಿಧಾನವಾಗಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಹೋಗುತ್ತಿದ್ದಳು. ಹುಲಿಗೇಶ ಕನ್ನಡಿಯಲ್ಲಿ ಆಕೆಯ ಮುಖವನ್ನೇ ನೋಡುತ್ತಿದ್ದ. ಮೊದಲು ಉಗುಳು ನುಂಗುತ್ತಾಳೆ, ಆಮೇಲೆ ತುಟಿ ಬಿಳಿಚಿಕೊಳ್ಳುತ್ತದೆ, ಎಲ್ಲ ಅವನಿಗೆ ಗೊತ್ತು. ಹೆದ್ದಾರಿ ಮುಗಿಯಿತು, ತುಟಿ ಬಿಳಿಚಲಿಲ್ಲ. ಒಳರಸ್ತೆ ಬಂತು, ಗುಂಡಿಗಳು ಶುರುವಾದವು, ಆಕೆ ಅವುಗಳ ಜೊತೆ ಜಗಳಕ್ಕೆ ಬಿದ್ದವಳಂತೆ ಹಲ್ಲು ಕಚ್ಚಿ ತಪ್ಪಿಸುತ್ತ ಹೋದಳು. ರಾಡೇ ಇಲ್ಲದ ಗಾಡಿಯಲ್ಲಿ ಏನೂ ಆಗುತ್ತಿಲ್ಲವಲ್ಲ, ಯಾಕೆ? ಯಾಕೆ ಅಂತ ಯೋಚಿಸುತ್ತಿರುವಾಗಲೇ ಅವನ ಬಾಯಲ್ಲಿ ನೀರೂರಿತು. ಹಣೆಯ ಮೇಲೆ ತಣ್ಣನೆ ಬೆವರು ಮೂಡಿತು.

"ರೇಣುಕಾ, ಗಾಡಿ ನಿಂದರಸು."

ಬಾಗಿಲು ತೆಗೆದವನೇ ಜಾಲಿಗಿಡದ ಬುಡದಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿದ್ದ ಚಹಾ, ಅದರ ಹಿಂದೆ ಬರೀ ಕಹಿನೀರು. ಕರುಳು ಕಿತ್ತು ಬರುತ್ತಿದೆ ಅನ್ನಿಸಿತು. ರೇಣುಕಾ ಇಳಿದು ಬಂದು ಅವನ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಳು.

"ಹಿಂಗ ಆಗತೈತೇನ ನಿನಗ ದಿನಾ?" ಅಂತ ಕೇಳಿದ, ಉಸಿರು ಸಿಕ್ಕಮೇಲೆ.

"ಹೂಂನ್ರಿ. ಹಿಂಗ."

"ಇವತ್ತ?"

ಇವತ್ತು ಏನೂ ಆಗಿಲ್ಲ ಅನ್ನುವುದನ್ನು ರೇಣುಕಾ ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ. ಕೈ ಚಾಚಿ ಬೆರಳುಗಳನ್ನು ನೋಡಿಕೊಂಡಳು, ನಡುಗುತ್ತಿರಲಿಲ್ಲ. ನಗು, ಅಳು ಎರಡೂ ಒಟ್ಟಿಗೆ ಬಂದವು. "ನಾ ಬಿಡಂಗಿಲ್ರಿ ನೌಕರಿ," ಅಂದಳು. "ನಾಳೆ ಡಾಕ್ಟರಿಗೆ ಹೇಳತೀನಿ, ಬಿಡಂಗಿಲ್ಲ ಅಂತ. ನಾನ ಹೊಡಕೊಂಡು ಬರತೀನಿ. ಮುಂದ ಕುಂತ್ರ ದಾರಿ ಕಣ್ಣಿಗೆ ಕಾಣತೈತಿ, ಅವತ್ತು ಡಾಕ್ಟರ ಕಾರಿನಾಗೂ ಮುಂದ ಕುಂತಿದ್ದೆ."

ಹುಲಿಗೇಶನಿಗೆ ಸಂತೋಷವಾಯಿತು, ಅದರ ಜೊತೆಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯೂ ಆಯಿತು. ಜಿಲ್ಲೆಯ ಕಾರುಗಳ ಕೆಳಗೆಲ್ಲ ಮಲಗಿ ಎದ್ದಿದ್ದ ಅವನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತಿರಲಿಲ್ಲ.

"ಏಳ್ರಿ, ಬಾಯಿ ಮುಕ್ಕಳಸ್ರಿ. ಕೂಸುಗಳು ಕಾಯಾಕತ್ತಿರತಾವ. ಮುಂದ ಡಬ್ಬಿ ಐತಿ, ನೀವು ಹಿಂದ ಕುಂದರಬೇಕು."

ಅವನು ಹಿಂದೆ ಹತ್ತಿ, ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಕಾರು ಹೊರಟಿತು. "ಗುಂಡಿ ಬಂತ್ರಿ, ಎಡಕ," ಅಂದಳು ರೇಣುಕಾ. ಅವನು ಬಾಗಿಲು ಹಿಡಿದುಕೊಂಡ, ಮೈ ಮೊದಲೇ ಸಿದ್ಧವಾದ್ದರಿಂದ ಹೊಟ್ಟೆ ಅಷ್ಟು ತೊಳೆಸಲಿಲ್ಲ. "ಈಗ ಬಲಕ ತಿರುವು," ಅಂದಳು. ಹಳ್ಳಿ ಬರುವವರೆಗೂ ಆಕೆ ಒಂದೊಂದು ಗುಂಡಿಯನ್ನೂ ಒಂದೊಂದು ತಿರುವನ್ನೂ ಮುಂಚಿತವಾಗಿ ಹೇಳುತ್ತ ಹೋದಳು. ಇಷ್ಟು ದಿನ ಆ ಸೀಟಿನಲ್ಲಿ ಕೂತ ಆಕೆಗೆ ಅವನು ಒಂದನ್ನೂ ಹೇಳಿರಲಿಲ್ಲ.